ಎರಡು ಬಾವಿಯ ನಕ್ಷೆ

ಡ್ರಾಯಿಂಗ್ ಸಾರ್ ಅವರ ಬಲಗೈಯ ಕಿರುಬೆರಳಿನ ಕೆಳಗಿನ ಅಂಚು, ಮಣಿಕಟ್ಟಿನವರೆಗೂ ಸವೆದು ಹೊಳೆಯುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಅಂಚನ್ನು ಕಾಗದದ ಮೇಲೆ ಊರಿ ಗೆರೆ ಎಳೆದ ಕೈ ಅದು. ಕೆಲಸಕ್ಕೆ ಕೂರುವ ಮುಂಚೆ ಆ ಜಾಗಕ್ಕೆ ಮಕ್ಕಳ ಪೌಡರ್ ತಟ್ಟಿಕೊಳ್ಳುತ್ತಿದ್ದರು, ಬೆವರು ಕಾಗದಕ್ಕೆ ತಾಕಬಾರದೆಂದು. ನಮ್ಮಪ್ಪ ಇದನ್ನು ಕಿಟಕಿಯಿಂದ ನೋಡಿಕೊಂಡು ಬಂದು ಅಮ್ಮನಿಗೆ ಹೇಳಿದ್ದು ಹೀಗೆ: "ಬೆರಳಚ್ಚು ಬೀಳಬಾರ್ದು ಅಂತ ಕೈಗೆ ಪೌಡರ್ ಹಾಕ್ಕೊಂಡು ಕಾಗದ ಮುಟ್ತಾನೆ ಕಣೇ. ಇವ್ನು ಸಾಮಾನ್ಯದೋನಲ್ಲ."

ಅಪ್ಪ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಪೂರ್ತಿ ಅವರದೇ ತಪ್ಪು ಎನ್ನಲಾರೆ. ರಾಮಮೂರ್ತಿ ನಗರದ ಕಡೆ ಇನ್ನೂ ಹೊಲಗಳಿದ್ದಾಗ ನಮ್ಮದು ರಾಗಿ ಬೆಳೆಯುವ ಮನೆ. ಆಮೇಲೆ ರಾಗಿ ಹೋಗಿ ಸೈಟುಗಳು ಬಂದವು. ಒಬ್ಬ ದಾಯಾದಿ ಯಾರನ್ನೋ ಕರೆತಂದು ಸರಪಳಿ ಹಿಡಿಸಿ ಅಳೆಸಿದ. ಅಳತೆ ಮುಗಿಯುವ ಹೊತ್ತಿಗೆ ನಮ್ಮ ಹೊಲದ ಅರ್ಧ ಅವನ ನಕ್ಷೆಯೊಳಗೆ ಸೇರಿಕೊಂಡಿತ್ತು. ಅಂದಿನಿಂದ ಅಪ್ಪನಿಗೆ ನಕ್ಷೆಯೆಂದರೆ ಹಾವು ಕಂಡ ಹಾಗೆ. ಉಳಿದದ್ದು ಮನೆಯ ಹಿಂದಿನ ಉದ್ದನೆಯ ಒಂದು ಪಟ್ಟಿ. ಅದರಲ್ಲಿ ಎರಡು ಬಾವಿ: ಒಂದು ತಾತ ತೋಡಿಸಿದ್ದು, ಇನ್ನೊಂದು ಅಪ್ಪ ತೋಡಿಸಿ ನೀರು ಬರದೆ ಬಿಟ್ಟದ್ದು. ಪಟ್ಟಿಯ ಅಂಚಿಗೆ ಸಾಲಾಗಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದರು. ತೊಂಬತ್ತರ ದಶಕದ ನಡುವೆ ಆ ಸಾಲಿನ ಕೊನೆಯ ಮನೆಗೆ ಬಂದವರು ಈ ರೈಲ್ವೆ ನಕ್ಷೆಗಾರರು. ಆಗಷ್ಟೇ ನಿವೃತ್ತರಾಗಿದ್ದರು. ನಾನು ಅವರನ್ನು ಡ್ರಾಯಿಂಗ್ ಸಾರ್ ಎಂದು ಕರೆಯುತ್ತಿದ್ದೆ.

ಅವರದು ಮರ್ಫಿ ಟೌನ್. ಅಲ್ಲಿ ತಮ್ಮನ ಸಂಸಾರದ ಜೊತೆ ಎರಡು ಕೋಣೆಯಲ್ಲಿ ಒಂಬತ್ತು ಜನ. ಮದುವೆಯಾಗದ ಇವರಿಗೆ ಜಾಗ ಬೇಕಾಗಿದ್ದದ್ದು ಮಲಗುವುದಕ್ಕಲ್ಲ, ಬಾಗಿಲಷ್ಟು ದೊಡ್ಡ ಡ್ರಾಯಿಂಗ್ ಬೋರ್ಡು ನಿಲ್ಲಿಸುವುದಕ್ಕೆ. ಮನೆ ನೋಡಲು ಬಂದ ದಿನ ಅಪ್ಪ ಮೊದಲು ಕೇಳಿದ್ದು, "ಯಾವ ಜನ?" ಅವರು ಮುಖ ತಗ್ಗಿಸದೆ, "ನಾವು ಬೌದ್ಧರು ಗೌಡ್ರೇ," ಎಂದರು. ಅಪ್ಪನಿಗೆ ಅರ್ಥವಾಯಿತು. ಮನೆ ಆರು ತಿಂಗಳಿಂದ ಖಾಲಿ ಬಿದ್ದಿತ್ತು, ಆದ್ದರಿಂದ ಆ ಮಾತು ಮುಂದುವರಿಯಲಿಲ್ಲ. ಆದರೆ ಅಮ್ಮ ಅಂದೇ ಒಂದು ಸ್ಟೀಲ್ ಲೋಟ ಬೇರೆ ಇಟ್ಟಳು. ಅದು ನಮ್ಮ ಅಡುಗೆಮನೆಯ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇರುತ್ತಿತ್ತು. ಸಂಜೆ ಅದರಲ್ಲಿ ಕಾಫಿ ಹಾಕಿ ನನ್ನ ಕೈಲಿ ಕಳಿಸುತ್ತಿದ್ದಳು. ಅವರು ಕುಡಿದು, ತೊಳೆದು, ತಾವೇ ತಂದು ಅಲ್ಲೇ ಇಡುತ್ತಿದ್ದರು. ಒಂದು ದಿನವೂ ನಮ್ಮ ಹೊಸ್ತಿಲು ದಾಟಲಿಲ್ಲ.

ಬಂದ ವಾರದಲ್ಲೇ ಅಪ್ಪನ ಅನುಮಾನ ಶುರುವಾಯಿತು. ಈ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಬಾಗಿಲು ಹಾಕಿಕೊಂಡು ಏನು ಬರೆಯುತ್ತಾನೆ? ಪಿಂಚಣಿ ಬರುವವನು ಮತ್ತೆ ಯಾಕೆ ಬರೆಯುತ್ತಾನೆ? ಗುರುವಾರ ಗುರುವಾರ ಟ್ಯೂಬಿನಂಥ ಉದ್ದನೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಶಿವಾಜಿನಗರಕ್ಕೆ ಬಸ್ಸು ಹತ್ತುತ್ತಾನಲ್ಲ, ಅಲ್ಲಿ ಯಾರಿಗೆ ಕೊಟ್ಟು ಬರುತ್ತಾನೆ? ಆ ದಾಯಾದಿಯ ಹೆಸರು ದಿನಕ್ಕೆ ಹತ್ತು ಸಲ ನಮ್ಮ ಮನೆಯಲ್ಲಿ ಕೇಳಿಬರತೊಡಗಿತು.

ನಾನು ಆಗ ಬಿ.ಕಾಂ. ಎರಡನೇ ವರ್ಷ. ಕಾಫಿ ಕೊಡುವ ನೆಪದಲ್ಲಿ ಒಳಗೆ ಹೋಗಿ ನೋಡಿಕೊಂಡು ಬಾ ಎಂದು ಅಪ್ಪ ನನ್ನನ್ನೇ ಕಳಿಸಿದರು. ನನಗೂ ಕುತೂಹಲ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಅಪ್ಪನ ಮಗಳೇ ತಾನೆ. ಕೋಣೆಯಲ್ಲಿ ಬುದ್ಧನ ಒಂದು ಪಟ, ಚಾಪೆ, ಸ್ಟೌ ಬಿಟ್ಟರೆ ಬೋರ್ಡು ಮಾತ್ರ. ಬೋರ್ಡಿನ ಮೇಲೆ ಮೀಟರಿಗಿಂತ ಉದ್ದದ ಟ್ರೇಸಿಂಗ್ ಹಾಳೆ.

"ಇದೇನು ಸಾರ್?"

"ಇಂಜಿನ್ನು ಕಣಮ್ಮಾ. ಫ್ರಾನ್ಸ್ ದೇಶದ್ದು. ನೂರು ವರ್ಷದ ಹಿಂದಿನ ಉಗಿ ಇಂಜಿನ್ನು."

ನಾನು ಬಂದು ಹಾಗೇ ಒಪ್ಪಿಸಿದೆ. ಅಪ್ಪ ರೇಗಿದರು. "ಅವ್ನು ಹೇಳಿದ್ದನ್ನ ತಂದು ನನ್ಗೆ ಹೇಳ್ತೀಯಲ್ಲೇ! ಕಣ್ಣಲ್ಲಿ ಏನು ಕಂಡೆ, ಅದು ಹೇಳು."

ಕಣ್ಣಲ್ಲಿ ಕಂಡದ್ದು ಹೇಳಿದೆ. ಉದ್ದನೆಯ ಒಂದು ಪಟ್ಟಿ. ಅದರೊಳಗೆ ಎರಡು ದೊಡ್ಡ ಸುತ್ತು, ಪಕ್ಕದಲ್ಲಿ ಎರಡು ಸಣ್ಣ ಸುತ್ತು. ದೊಡ್ಡ ಸುತ್ತುಗಳ ನಡುವೆ ಒಂದಕ್ಕೊಂದು ಸೇರಿಸಿದ ಜೋಡಿ ಗೆರೆ. ಚಿಮಣಿ ಇಲ್ಲ, ಡ್ರೈವರ್ ನಿಲ್ಲುವ ಜಾಗವೂ ಇಲ್ಲ. ಮೂಲೆಯಲ್ಲಿ ಇಂಗ್ಲಿಷಲ್ಲದ ಯಾವುದೋ ಭಾಷೆಯ ಅಕ್ಷರ. ಪಕ್ಕದಲ್ಲಿ ದಪ್ಪಗೆ ಐನೂರ ಮೂವತ್ತು ಎಂಬ ಸಂಖ್ಯೆ.

ಅಪ್ಪ ಎದ್ದು ನಿಂತರು. "ಉದ್ದನೆ ಪಟ್ಟಿ, ಎರಡು ಬಾವಿ, ಮಧ್ಯ ಕಾಲುವೆ. ನಮ್ಮ ಸರ್ವೆ ನಂಬರು ಐವತ್ಮೂರು. ಯಾರ್ಗೂ ಗೊತ್ತಾಗ್ಬಾರ್ದು ಅಂತ ಒಂದು ಸೊನ್ನೆ ಸೇರಿಸಿದಾನೆ!"

"ಸಣ್ಣ ಸುತ್ತು ಯಾವ್ದಪ್ಪಾ?"

"ತೆಂಗಿನ ಗುಂಡಿ," ಎಂದರು ಅಪ್ಪ, ಒಂದು ಗಳಿಗೆಯೂ ಯೋಚಿಸದೆ.

ನಗು ಬರುತ್ತದೆ ಈಗ. ಅಂದು ನಗು ಬರಲಿಲ್ಲ. ಆ ಪಟ್ಟಿಯೂ ಹೋದರೆ ನಮಗೆ ಊರಲ್ಲಿ ಕಾಲೂರಲು ನೆಲವಿಲ್ಲ. ನಾನು ಕಾಫಿ ಒಯ್ದಾಗಲೆಲ್ಲ ಒಳಗೆ ನಿಂತು, ದಿನಾ ಒಂದೊಂದು ಪ್ರಶ್ನೆ ಕೇಳತೊಡಗಿದೆ. ಡ್ರಾಯಿಂಗ್ ಸಾರ್‌ಗೆ ಅದು ಪತ್ತೇದಾರಿಕೆ ಅನ್ನಿಸಲಿಲ್ಲ. ಹುಡುಗಿಗೆ ಇಂಜಿನ್ ಮೇಲೆ ಆಸಕ್ತಿ ಬಂದಿದೆ ಎಂದುಕೊಂಡರು. ಆಮೇಲೆ ಅದೇ ನಿಜವಾಗಿಬಿಟ್ಟಿತು.

ಅನುಮಾನ ಅವರಿಗೂ ಇತ್ತು. ಅದು ಮನುಷ್ಯರ ಮೇಲಲ್ಲ, ಕಾಗದದ ಮೇಲೆ. ಸಾಮಾನಿನ ಪಟ್ಟಿ ಕೊಟ್ಟರೂ ತಿರುಗಿಸಿ ನೋಡುತ್ತಿದ್ದರು. ಬಸ್ ಟಿಕೆಟ್ಟಿನ ಅಂಚು ನೇರವಾಗಿದೆಯೇ ಎಂದು ಸ್ಕೇಲು ಇಟ್ಟು ನೋಡಿದ್ದನ್ನು ನಾನೇ ಕಂಡಿದ್ದೇನೆ. "ಗೆರೆ ಎಳೆದೋನು ಮನುಷ್ಯ ತಾನೆ. ಒಂದ್ಸಲ ಅಳೆದು ನೋಡೋದ್ರಲ್ಲಿ ತಪ್ಪೇನು?" ಎನ್ನುತ್ತಿದ್ದರು. ಅವರ ದೊಡ್ಡ ಅನುಮಾನವಿದ್ದದ್ದು ಈ ಫ್ರೆಂಚ್ ಇಂಜಿನ್ನಿನ ಮೇಲೆಯೇ. ರಸೆಲ್ ಮಾರುಕಟ್ಟೆಯ ಹಿಂದಿನ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಂಡ ಹಳೆಯ ಪುಸ್ತಕವೊಂದು ಅವರ ಬಳಿ ಇತ್ತು. ಅರ್ಧದಷ್ಟು ಪುಟಗಳು ಹರಿದುಹೋಗಿದ್ದವು. ಉಳಿದ ಪುಟಗಳಲ್ಲಿ ಹತ್ತೊಂಬತ್ತನೇ ಶತಮಾನದ ಇಂಜಿನ್‌ಗಳ ಚಿತ್ರ, ಎಲ್ಲ ಪಕ್ಕದಿಂದ ನೋಡಿದಂತೆ. ಕಳೆದುಹೋದ ಪುಟಗಳಿಗಾಗಿಯೇ ಗುರುವಾರದ ಶಿವಾಜಿನಗರ ಯಾತ್ರೆ. ಅದೇ ಅಂಗಡಿಯ ಸಾಬರ ಹತ್ತಿರ ಕೂತು ಹಳೆಯ ಕಾಗದದ ಮೂಟೆಗಳನ್ನು ಬಿಚ್ಚಿ ಹುಡುಕುತ್ತಿದ್ದರು. ಡಬ್ಬಿಯಲ್ಲಿ ಹೋಗುತ್ತಿದ್ದದ್ದು ಹೋಲಿಸಿ ನೋಡಲು ಒಂದು ನಕಲು, ಅಷ್ಟೆ.

"ಇಂಗ್ಲೆಂಡಿನೋನು ಕರುಳನ್ನೆಲ್ಲ ಒಳಗೆ ತುರುಕಿ, ಮೇಲೆ ಬಣ್ಣ ಹೊಡೆದು ಚೆಂದ ಮಾಡ್ತಾನೆ," ಎಂದು ಒಂದು ಸಂಜೆ ಹೇಳಿದರು. "ಫ್ರಾನ್ಸಿನೋನಿಗೆ ಆ ನಾಚ್ಕೆ ಇಲ್ಲ. ಪೈಪು, ರಾಡು ಎಲ್ಲ ಹೊರಗೇ ನೇತಾಕ್ತಾನೆ. ರಿಪೇರಿ ಮಾಡೋನಿಗೆ ಸುಲಭ. ಆದ್ರೆ ನೋಡು, ಈ ಇಂಜಿನ್ನಲ್ಲಿ ನಾಲ್ಕು ಸಿಲಿಂಡರು. ಎರಡು ಹೊರಗೆ, ಎರಡು ಒಳಗೆ. ಒಳಗೆ ಯಾಕೆ ಬಚ್ಚಿಟ್ಟ?"

ನಾಲ್ಕು ಯಾಕೆ ಬೇಕು ಎಂದು ಕೇಳಿದೆ. ಅವರು ಕಾಫಿ ಲೋಟ ಎತ್ತಿ ತೋರಿಸಿದರು.

"ನಿಮ್ಮಮ್ಮ ನನಗೆ ಕಳಿಸೋದು ಎರಡನೇ ಡಿಕಾಕ್ಷನ್ನು ತಾನೆ?"

ನನ್ನ ಮುಖ ಬಿಸಿಯಾಯಿತು. ನಿಜವೇ. ಮೊದಲನೆಯದು ನಮಗೆ, ಅದೇ ಪುಡಿಗೆ ಮತ್ತೆ ಬಿಸಿನೀರು ಸುರಿದು ಇಳಿಸಿದ್ದು ಅವರಿಗೆ.

"ಬೇಜಾರಿಲ್ಲಮ್ಮಾ. ಅದ್ರಲ್ಲೂ ರುಚಿ ಇದೆ. ಈ ಫ್ರಾನ್ಸಿನೋರೂ ಅದನ್ನೇ ಕಂಡ್ಕೊಂಡಿದ್ದು. ಒಂದ್ಸಲ ಪಿಸ್ಟನ್ ತಳ್ಳಿದ ಉಗಿಯನ್ನ ಬೇರೆಯೋರು ಚಿಮಣಿಯಿಂದ ಆಚೆ ಬಿಟ್ಬಿಡ್ತಿದ್ರು. ಇವ್ರು, ತಡೀರಿ, ಅದ್ರಲ್ಲಿನ್ನೂ ಕಸುವಿದೆ ಅಂದ್ರು. ಹೊರಗಿನ ಸಣ್ಣ ಸಿಲಿಂಡರಲ್ಲಿ ದುಡಿದ ಉಗಿ ಒಳಗಿನ ದೊಡ್ಡ ಸಿಲಿಂಡರಿಗೆ ಹೋಗಿ ಮತ್ತೆ ದುಡೀತದೆ. ಅಷ್ಟೊತ್ತಿಗೆ ಉಗಿ ಹಿಗ್ಗಿರ್ತದೆ, ಅದಕ್ಕೇ ಎರಡನೇದು ದೊಡ್ಡದಾಗಿರ್ಬೇಕು. ಇಲ್ಲೇ ನನ್ಗೆ ಅನುಮಾನ. ಒಳಗಿನವು ಒಂದೊಂದೂ ಐನೂರ ಮೂವತ್ತು ಮಿಲಿಮೀಟರ್ ಅಗಲ ಅಂತ ಬರೆದಿದಾರೆ. ಎರಡು ಪಕ್ಕಪಕ್ಕ ಇಟ್ರೆ ಸಾವಿರದ ಅರವತ್ತು. ಎಡಬಲ ಚಕ್ರಗಳ ನಡುವಿನ ಫ್ರೇಮಿನ ಒಳಗೆ ಅಷ್ಟು ಜಾಗ ಎಲ್ಲಿದೆ? ಸುಳ್ಳು ಹೇಳಿದಾರೆ."

ನಾಲ್ಕು ವರ್ಷದಿಂದ ಆ ಸುಳ್ಳನ್ನು ಹಿಡಿಯಲು ಹೊರಟಿದ್ದರು. ಆ ಹಾಳೆಗೇ ಮೂರು ತಿಂಗಳಾಗಿತ್ತು. ಒಂದು ಗೆರೆ ಎಳೆಯುವ ಮುಂಚೆ ಎರಡು ಪುಟ ಲೆಕ್ಕ. ಚಿಮಣಿ ಮತ್ತು ಡ್ರೈವರ್ ನಿಲ್ಲುವ ಜಾಗದ ಮಾಡು ಕೊನೆಗೆ ಎನ್ನುತ್ತಿದ್ದರು. ಐನೂರ ಮೂವತ್ತು ಏನೆಂದು ನನಗೆ ಅಂದೇ ಗೊತ್ತಾಯಿತು. ಅಪ್ಪನಿಗೂ ಹೇಳಿದೆ. "ನಿನ್ನ ತಲೆ ಕೆಡಿಸಿದಾನೆ," ಎಂದರು.

ನಮ್ಮ ಬೋರ್‌ವೆಲ್ಲಿನ ಮೋಟಾರನ್ನು ಅಪ್ಪ ದಿನಕ್ಕೆ ಅರ್ಧ ಗಂಟೆ ಮಾತ್ರ ಹಾಕುತ್ತಿದ್ದರು. ಗುರುವಾರ ಆ ಹೊತ್ತಿಗೆ ಡ್ರಾಯಿಂಗ್ ಸಾರ್ ಇರುತ್ತಿರಲಿಲ್ಲ. ಹಾಗಾಗಿ ತಮ್ಮ ಮನೆಯ ಕೀಲಿ ನನ್ನ ಕೈಗೆ ಕೊಟ್ಟು, ಡ್ರಮ್ಮು ತುಂಬಿಸಿಬಿಡಮ್ಮಾ ಎಂದು ಹೋಗುತ್ತಿದ್ದರು. ಒಂದು ಗುರುವಾರ ಅವರು ಬಸ್ಸು ಹತ್ತಿದ್ದೇ ತಡ, ಅಪ್ಪ ಬಂದು ಕೈಚಾಚಿದರು. "ಕೀಲಿ ಕೊಡು."

ಕೊಟ್ಟೆ.

ಅದು ಇಂಜಿನ್ನೇ ಎಂದು ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೊಟ್ಟೆ. ಅಪ್ಪನ ಮೇಲಿನ ಭಯ ಒಂದು ಕಾರಣ. ಇನ್ನೊಂದು ಹೇಳಲು ನಾಚಿಕೆಯಾಗುತ್ತದೆ: ನೂರಕ್ಕೆ ಒಂದು ಪಾಲು, ಅಪ್ಪ ಹೇಳುವುದೇ ನಿಜವಿದ್ದರೆ ಎಂಬ ಯೋಚನೆ ನನಗೂ ಬಂದಿತ್ತು. ಅವರು ಬೇರೆ ಯಾರೋ ಆಗಿದ್ದರೆ, ಆ ಲೋಟ ನಮ್ಮ ಅಡುಗೆಮನೆಯ ಒಳಗಿದ್ದಿದ್ದರೆ, ಆ ಒಂದು ಪಾಲೂ ಬರುತ್ತಿರಲಿಲ್ಲವೇನೋ.

ಅಪ್ಪ ಹಾಳೆಯನ್ನು ಬೋರ್ಡಿನಿಂದ ಕಿತ್ತರು. ಜಮೀನಿನ ಕಾಗದವನ್ನು ನಮ್ಮಲ್ಲಿ ಹೇಗೆ ಮಾಡುತ್ತಾರೋ ಹಾಗೇ ಮಾಡಿದರು. ಮಧ್ಯಕ್ಕೆ ಮಡಿಸಿದರು, ಮತ್ತೆ ಮಡಿಸಿದರು, ಇನ್ನೊಮ್ಮೆ, ಮತ್ತೊಮ್ಮೆ ಮಡಿಸಿದರು. ಪ್ರತಿ ಮಡಿಕೆಗೂ ಉಗುರಿನಿಂದ ಗೀರಿದರು. ಬನಿಯನ್ನಿನ ಒಳಜೇಬಿಗೆ ಇಳಿಸಿಕೊಂಡು ಕೆ.ಆರ್. ಪುರಕ್ಕೆ ಹೋದರು. ಅಲ್ಲಿ ಅವರ ಸ್ನೇಹಿತರೊಬ್ಬರು, ನಿವೃತ್ತ ಸರ್ವೇಯರು ಇದ್ದರು. ಮಧ್ಯಾಹ್ನ ತಿರುಗಿ ಬಂದಾಗ ಅಪ್ಪನ ಮುಖ ಸಪ್ಪಗಿತ್ತು. ಸರ್ವೇಯರು ಹಾಳೆ ಬಿಡಿಸಿ ಜೋರಾಗಿ ನಕ್ಕರಂತೆ. "ಉತ್ತರ ದಿಕ್ಕು ಎತ್ಲಾಗೆ ಅಂತ ಗುರುತೇ ಇಲ್ವಲ್ರೀ ಗೌಡ್ರೇ. ದಿಕ್ಕಿಲ್ಲದ ಹೊಲ ಎಲ್ಲಾದ್ರೂ ಇರ್ತದಾ? ಇದು ಯಾವ್ದೋ ಮಿಷನ್ನು. ಬಾವಿ ಅಲ್ಲ, ಚಕ್ರ."

"ಹೇಳಿದ್ನಲ್ಲಪ್ಪಾ, ರೈಲು ಇಂಜಿನ್ನು ಅಂತ," ಎಂದೆ.

ಅಪ್ಪ ಹಾಳೆಯನ್ನು ನನ್ನ ಕೈಗೆ ತುರುಕಿ, "ರೈಲ್ವೆಯೋನು ನಮ್ಮ ಜಾಗದಲ್ಲಿ ಕೂತ್ಕೊಂಡು ರೈಲು ಬರೀತಾನೆ ಅಂದ್ರೆ, ನಮ್ಮ ಪಟ್ಟಿ ಮೇಲೆ ಲೈನ್ ಬರ್ತದೇನೋ?" ಎಂದರು.

ನಾನು ಹಾಳೆ ಬಿಡಿಸಿ ನೋಡಿದೆ. ಹದಿನಾರು ಚೌಕ. ಮಡಿಕೆ ಹಾದುಹೋದಲ್ಲೆಲ್ಲ ಟ್ರೇಸಿಂಗ್ ಹಾಳೆ ಬೆಳ್ಳಗೆ ಸೀಳಿತ್ತು, ಇಂಕು ಪುಡಿಯಾಗಿ ಉದುರಿತ್ತು. ಅಪ್ಪನ ಬೆವರಿಗೆ ಅಂಕಿಗಳು ಕದಡಿದ್ದವು. ಪೌಡರ್ ಹಾಕಿಕೊಂಡು ಕಾಪಾಡಿದ್ದ ಕಾಗದ. ಸರಿ ಮಾಡೋಣವೆಂದು ಇಸ್ತ್ರಿ ಪೆಟ್ಟಿಗೆ ತಂದು ಮೇಲೆ ಆಡಿಸಿದೆ. ಆ ಹಾಳೆಗೆ ಬಿಸಿ ತಾಕಬಾರದೆಂದು ನನಗೇನು ಗೊತ್ತು? ಒಂದು ಕಡೆ ಮುದುಡಿ ದೊಡ್ಡ ಚಕ್ರ ಮೊಟ್ಟೆಯಾಯಿತು. ಅದನ್ನೇ ಬೋರ್ಡಿಗೆ ಅಂಟಿಸಿ, ಡ್ರಮ್ಮು ತುಂಬಿಸಿ, ಬೀಗ ಹಾಕಿಕೊಂಡು ಬಂದೆ.

ಸಂಜೆ ಐದಕ್ಕೆ ಬಂದರು. ಕೀಲಿ ಕೊಟ್ಟೆ. ಬಾಗಿಲು ಹಾಕಿಕೊಂಡರು. ಒಂದು ಗಂಟೆ ಏನೂ ಸದ್ದಿಲ್ಲ. ನಾನು ಅಡುಗೆಮನೆಯ ಕಿಟಕಿಯ ಹಿಂದೆ ನಿಂತೇ ಇದ್ದೆ. ಕೊನೆಗೆ ಹೊರಬಂದು ಕಟ್ಟೆಯ ಮೇಲಿನ ಲೋಟ ಎತ್ತಿಕೊಂಡು, "ನೀರು ತುಂಬಿಸಿದ್ಯಾ ಅಮ್ಮಾ? ಒಳ್ಳೇದಾಯ್ತು," ಎಂದರು. ಬೇರೇನೂ ಕೇಳಲಿಲ್ಲ.

ಕೇಳದೇ ಇದ್ದದ್ದು ನಮ್ಮ ಮನೆಯ ನೆಮ್ಮದಿ ಕೆಡಿಸಿತು. "ಸುಮ್ನಿದಾನೆ ಅಂದ್ರೆ ಏನೋ ಹೂಡ್ತಿದಾನೆ," ಎಂದು ಅಪ್ಪ ಪೊಲೀಸರಿಗೆ ಕಾದರು. ಪೊಲೀಸರು ಬರಲಿಲ್ಲ. ವಕೀಲರ ನೋಟೀಸಿಗೆ ಕಾದರು. ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಗೇಟಿನವರೆಗೆ ಓಡುತ್ತಿದ್ದರು. ನಾನೂ ಅಷ್ಟೆ. ಅವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಮುಂದಿನ ಗುರುವಾರ ಕೀಲಿಯನ್ನು ಮತ್ತೆ ನನ್ನ ಕೈಗೇ ಕೊಟ್ಟಾಗ ಇದು ನನ್ನನ್ನು ಹಿಡಿಯಲು ಒಡ್ಡಿದ ಬಲೆ ಎಂದೇ ನಂಬಿದ್ದೆ. ಅಪ್ಪ ಆಮೇಲೆ ಕೀಲಿ ಕೇಳಲಿಲ್ಲ.

ಅವರು ಹೊಸ ಹಾಳೆ ಹಾಕಿಕೊಂಡು ಮೊದಲಿನಿಂದ ಶುರು ಮಾಡಿದರು. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕೂಗಿ ಕರೆದರು. ಮುಖ ಕೆಂಪಾಗಿತ್ತು.

"ಕಳ್ಳ ಸಿಕ್ಕಿದ ಕಣಮ್ಮಾ," ಎಂದರು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನಾನೇ ಕಳ್ಳ! ಈ ಸಲ ಹಳಿಯಿಂದ ಶುರು ಮಾಡಿ ಮೇಲಕ್ಕೆ ಬಂದೆ, ಆಗ ಕಂಡಿತು. ಜನ್ಮವಿಡೀ ನಾನು ಮೀಟರ್ ಗೇಜ್ ವರ್ಕ್‌ಶಾಪಲ್ಲಿ ಬರೆದೋನು. ನಮ್ಮಲ್ಲಿ ಹಳಿ ಹಳಿಗೆ ಒಂದೇ ಮೀಟರ್. ಲೆಕ್ಕದಲ್ಲಿ ಫ್ರೇಮಿನ ಅಗಲ ಕೈ ತಾನಾಗೇ ಆ ಅಳತೆಗೇ ಹಾಕ್ಬಿಟ್ಟಿದೆ. ಫ್ರಾನ್ಸಲ್ಲಿ ಹಳಿ ಅದಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಅಡಿ ಅಗಲ. ಎರಡು ಸಿಲಿಂಡರೂ ಕೂರ್ತವೆ. ಬಿಗಿಯಾಗಿ ಕೂರ್ತವೆ, ಆದ್ರೆ ಕೂರ್ತವೆ! ಮೊದ್ಲು ಗೇಜ್ ನೋಡ್ರೋ ಅಂತ ಎಷ್ಟು ಹುಡುಗ್ರಿಗೆ ಬೈದಿದೀನಿ ನಾನು. ನಾಲ್ಕು ವರ್ಷ ಸುಮ್ಸುಮ್ನೆ ಅವ್ರನ್ನ ಸುಳ್ಳರು ಅಂದೆ."

ಆಮೇಲೆ ಆ ಹರಿದ ಪುಸ್ತಕದ ಮುಂದೆ ನಿಂತು ಎರಡೂ ಕೆನ್ನೆಗೆ ಮೆಲ್ಲಗೆ ತಟ್ಟಿಕೊಂಡರು, ದೇವರ ಮುಂದೆ ತಪ್ಪೊಪ್ಪಿಕೊಳ್ಳುವವರ ಹಾಗೆ. ಸತ್ತು ಎಷ್ಟೋ ಕಾಲವಾದ, ಹೆಸರೂ ತಿಳಿಯದ ಯಾವುದೋ ಊರಿನ ನಕ್ಷೆಗಾರರಿಗೆ ಈ ಮನುಷ್ಯ ಕ್ಷಮೆ ಕೇಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಂದೇ ಹೇಳಿಬಿಡಬೇಕಿತ್ತು.

ಆ ವರ್ಷವೇ ಅವರು ನನಗೆ ನೇರ ಗೆರೆ ಎಳೆಯುವ ಟೀ ಸ್ಕ್ವೇರ್ ಹಿಡಿಯಲು ಕಲಿಸಿದರು. ಬಿ.ಕಾಂ. ಮುಗಿಸಿ ಡ್ರಾಫ್ಟಿಂಗ್ ಕೋರ್ಸಿಗೆ ಸೇರಿದೆ. ಅಪ್ಪ ಒಪ್ಪಿದರು. ಮನೆಯಲ್ಲಿ ನಕ್ಷೆ ಓದುವವಳು ಒಬ್ಬಳಿದ್ದರೆ ಯಾರೂ ಮೋಸ ಮಾಡಲಾರರು ಎಂಬುದು ಅವರ ಲೆಕ್ಕ. ಮಹದೇವಪುರದ ಸಣ್ಣ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸವಾಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಪ್ಪ ಆ ನಾಲ್ಕು ಮನೆ ಕೆಡವಿ ದೊಡ್ಡ ಕಟ್ಟಡ ಎಬ್ಬಿಸಿದರು. ಡ್ರಾಯಿಂಗ್ ಸಾರ್ ಬೋರ್ಡು ಹೊತ್ತುಕೊಂಡು ಮರ್ಫಿ ಟೌನಿನ ತಮ್ಮನ ಮನೆಗೆ ವಾಪಸಾದರು. ನಾನು ಭಾನುವಾರಗಳಂದು ಹೋಗುತ್ತಿದ್ದೆ. ಅವರ ತಮ್ಮನ ಹೆಂಡತಿ ನನಗೆಂದು ಪಿಂಗಾಣಿ ಕಪ್ಪು ತೆಗೆದು, ಮೊದಲ ಡಿಕಾಕ್ಷನ್ನಿನ ಕಾಫಿ ಕೊಡುತ್ತಿದ್ದಳು. ಅದನ್ನು ಕುಡಿಯುವುದು ನನಗೆ ಯಾವತ್ತೂ ಸುಲಭವಾಗಲಿಲ್ಲ.

ಅವರಿಗೆ ಶ್ವಾಸಕೋಶದ ಕಾಯಿಲೆ ಬಲಿತ ವರ್ಷ, ಒಂದು ಭಾನುವಾರ ಬೆಳಿಗ್ಗೆ ಮಂಚದ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಕೀಲಿ, ಕೆ.ಆರ್. ಪುರ, ಇಸ್ತ್ರಿ ಪೆಟ್ಟಿಗೆ. ಆ ನೂರಕ್ಕೆ ಒಂದು ಪಾಲನ್ನೂ ಬಚ್ಚಿಡಲಿಲ್ಲ. ಹೇಳಿ ಅತ್ತೆ.

ಅವರಿಗೆ ಉಸಿರು ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ಅವತ್ತು ಸಂಜೇನೇ ಗೊತ್ತಾಯ್ತು ಕಣಮ್ಮಾ. ಕೀಲಿ ಇನ್ಯಾರ ಹತ್ರ ಇತ್ತು?"

"ಮತ್ತೆ ಯಾಕೆ ಕೇಳ್ಲಿಲ್ಲ ಸಾರ್?"

"ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ಚಿಕ್ಕ ಹುಡುಗಿ, ಅಪ್ಪನ್ನ ಬಿಟ್ಟುಕೊಡ್ತಿದ್ಯಾ? ಸುಳ್ಳು ಹೇಳಿದ ಮೇಲೆ ನನ್ನ ಮುಖ ನೋಡೋಕಾಗದೆ ಈ ಕಡೆ ಬರೋದೇ ಬಿಟ್ಬಿಡ್ತಿದ್ದೆ. ಹಾಳೆ ಇನ್ನೊಂದು ಬರೀಬಹುದು. ಒಂದು ಗಂಟೆ ಕೂತು ಯೋಚ್ನೆ ಮಾಡ್ದೆ. ಕೇಳೋದು ಬೇಡ ಅಂದ್ಕೊಂಡೆ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರ ಮೊದಲ ಮಾತು, "ಎಲ್ಲೂ ಸೈನ್ ಗೀನ್ ಹಾಕಿಸ್ಕೊಂಡಿಲ್ಲ ತಾನೆ?" ಮೂರು ವಾರದ ನಂತರ ಸಾರ್ ಹೋದ ಸುದ್ದಿ ಬಂದಾಗ ನಾನು ಕರೆಯದೆಯೇ ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂಚೆ ಗೇಟಿನಲ್ಲಿ ನಿಂತಿದ್ದರು. ಮರ್ಫಿ ಟೌನಿನ ಆ ಗಲ್ಲಿಯಲ್ಲಿ ಜನರ ನಡುವೆ ಹೋಗಿ, ಆ ಸವೆದ ಕೈಯನ್ನು ಮುಟ್ಟಿ ಬಂದರು.

ನನ್ನ ಕೆಲಸ ಈಗ ಬೇರೆಯವರ ನಕ್ಷೆಗಳಲ್ಲಿ ತಪ್ಪು ಹುಡುಕುವುದು. ಅದನ್ನು ಅವರು ಕಲಿಸಿದರು, ಅದು ಕಷ್ಟವೇನಲ್ಲ. ಕಷ್ಟವಾದದ್ದು ಇನ್ನೊಂದು. ನಾನು ಎಷ್ಟೆಂದರೂ ಅಪ್ಪನ ಮಗಳು. ಮನೆಯಲ್ಲಿ ಒಂದು ವಸ್ತು ಕಾಣದಿದ್ದರೆ ಯಾರು, ಯಾಕೆ ಎಂಬುದು ಬಾಯಿಗೆ ಬಂದೇ ಬರುತ್ತದೆ, ಎದುರಿಗಿದ್ದವರು ಮುದುಡುವುದನ್ನು ನೋಡಿದ ಮೇಲೆ ಬುದ್ಧಿ ಬರುತ್ತದೆ. ಗೊತ್ತಿದ್ದೂ ಕೇಳದೆ ಬಿಡಲು ಇಷ್ಟು ವರ್ಷದಲ್ಲಿ ಎರಡೇ ಸಲ ಸಾಧ್ಯವಾಗಿದೆ. ಎರಡನೆಯದು ನನ್ನ ಮಗಳ ವಿಷಯದಲ್ಲಿ; ತೆಗೆದದ್ದು ಅವಳೇ ಎಂದು ಗೊತ್ತಿತ್ತು, ಕೇಳಲಿಲ್ಲ. ಅವಳು ಈಗಲೂ ಸಂಜೆ ನನ್ನ ಕೋಣೆಗೆ ಬಂದು ಕೂರುತ್ತಾಳೆ.